ಪ್ರತಿಕ್ರಿಯೆ: ಓದುವಾಗ ಒಳಕ್ಕೆ ಹೊರಳುವ ಕಣ್ಣು

5 ವರ್ಷದ ಮಗಳ ಎಡಗಣ್ಣು ಓದುವಾಗ ಮೂಗಿನತ್ತ ಹೊರಳುತ್ತದೆ, ವೈದ್ಯರು ಪ್ಲಸ್ ಪವರ್ ಕನ್ನಡಕ ಬರೆದಿದ್ದಾರೆ, ಹಿರಿಯರು ಮಾತ್ರ ಮೆಳ್ಳೆಗಣ್ಣು ಅದೃಷ್ಟವೆನ್ನುತ್ತಾರೆ ಎಂದು ತಾವು ಬರೆದಿದ್ದೀರಿ. ದಯವಿಟ್ಟು ಕಾಯಬೇಡಿ. ಪ್ಲಸ್ ಪವರ್ ಇರುವ ಮಗು ಹತ್ತಿರದ ಅಕ್ಷರವನ್ನು ಸ್ಪಷ್ಟವಾಗಿ ಕಾಣಲು ಕಣ್ಣಿನ ಮಸೂರವನ್ನು ಅತಿಯಾಗಿ ಉಬ್ಬಿಸಬೇಕಾಗುತ್ತದೆ. ಆ ಶ್ರಮದೊಂದಿಗೇ ಕಣ್ಣುಗಳು ಒಳಮುಖವಾಗಿ ತಿರುಗುವುದು ದೇಹದ ಸಹಜ ಜೋಡಣೆಯಾದ್ದರಿಂದ ಒಂದು ಕಣ್ಣು ಹೊರಳುತ್ತದೆ. ಆ ಶ್ರಮವನ್ನು ಕನ್ನಡಕವೇ ಹೊರುವುದರಿಂದ ಇಂಥ ಅನೇಕ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಕಣ್ಣು ನೇರವಾಗುತ್ತದೆ, ಆದರೆ ಎಚ್ಚರವಿರುವಷ್ಟು ಹೊತ್ತೂ ಧರಿಸಬೇಕು. ತೆಗೆದೊಡನೆ ಮತ್ತೆ ಹೊರಳಿದರೆ ಗಾಬರಿಯಾಗಬೇಡಿ. ಪಾಪೆ ಹಿಗ್ಗಿಸುವ ಹನಿ ಹಾಕಿ ಪವರ್ ಅಳೆದಿದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಹನಿಯಿಲ್ಲದೆ ಮಕ್ಕಳ ಪ್ಲಸ್ ಪವರ್ ಕಡಿಮೆ ತೋರುತ್ತದೆ. ಹೊರಳಿದ ಕಣ್ಣಿನ ಚಿತ್ರವನ್ನು ಮಿದುಳು ಕಡೆಗಣಿಸುತ್ತಲೇ ಹೋದರೆ ಆ ಕಣ್ಣು ಸೋಮಾರಿಯಾಗುತ್ತದೆ, 7–8 ವರ್ಷ ದಾಟಿದ ಮೇಲೆ ಅದರ ದೃಷ್ಟಿಯನ್ನು ಮರಳಿ ಪಡೆಯುವುದು ಬಹಳ ಕಷ್ಟ.