ಗಿರಿಯಿಂದ ಸೈಕಲ್ ಇಳಿಸಿದರೆ ಒಟ್ಟು ಶಕ್ತಿ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಒಟ್ಟು ಶಕ್ತಿ ಬದಲಾಗುವುದಿಲ್ಲ ಅಂತಾರೆ. ಮುಳ್ಳಯ್ಯನಗಿರಿಯಿಂದ ಬ್ರೇಕ್ ಹಿಡಿದೇ ಚಿಕ್ಕಮಗಳೂರಿಗೆ ಇಳಿದು ನಿಂತರೆ ಎತ್ತರವೂ ಇಲ್ಲ, ವೇಗವೂ ಇಲ್ಲ. ಹಾಗಾದರೆ ಶಕ್ತಿ ಎಲ್ಲಿ?

ಉತ್ತರ: ಬ್ರೇಕ್ ಮುಟ್ಟಿ ನೋಡಿ. ಬೇಡ, ಕೈ ಸುಟ್ಟೀತು!

ಲೆಕ್ಕ ಹಾಕೋಣ. ನೀವು, ಸೈಕಲ್ ಸೇರಿ 80 ಕೆಜಿ. ಇಳಿದದ್ದು ಸುಮಾರು 800 ಮೀಟರ್. ತೂಕ, ಭೂಮಿಯ ಸೆಳೆತದ ಅಂಕಿ 9.8, ಎತ್ತರ ಮೂರನ್ನೂ ಗುಣಿಸಿ: 80 × 9.8 × 800, ಅಂದರೆ ಸುಮಾರು 6.3 ಲಕ್ಷ ಜೌಲ್ (ಜೌಲ್ ಎಂದರೆ ಶಕ್ತಿಯ ಅಳತೆ). ಎರಡು ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವಷ್ಟು ಶಕ್ತಿ ಅದು. ಮನೆಮಂದಿಗೆಲ್ಲ ಕಾಫಿ ಆಗುತ್ತದೆ, ಅಲ್ವಾ? ಬ್ರೇಕೂ ಇಲ್ಲ, ಗಾಳಿಯ ತಡೆಯೂ ಇಲ್ಲ ಎಂದಿದ್ದರೆ ಕೆಳಗೆ ಬರುವಾಗ ನಿಮ್ಮ ವೇಗ ಗಂಟೆಗೆ 450 ಕಿ.ಮೀ. ಇರುತ್ತಿತ್ತು. ಆ ಶಕ್ತಿಯೆಲ್ಲ ಈಗ ಬ್ರೇಕ್, ಟೈರ್, ರಸ್ತೆ, ಗಾಳಿಗೆ ಬಿಸಿಯಾಗಿ ಹಂಚಿಹೋಗಿದೆ.

ಒಟ್ಟು ಶಕ್ತಿ ಬದಲಾಗುವುದಿಲ್ಲ ಎನ್ನುವುದು ಒಂದು ‘ವ್ಯವಸ್ಥೆ’ಯ ಬಗ್ಗೆ, ಅಂದರೆ ಲೆಕ್ಕಕ್ಕೆ ಸೇರಿಸಿಕೊಂಡದ್ದೆಲ್ಲದರ ಬಗ್ಗೆ. ಗೊಂದಲ ಹುಟ್ಟುವುದು ಅಲ್ಲೇ. ಏನೇನು ಒಳಗೆ, ಏನೇನು ಹೊರಗೆ ಎಂಬ ಗೆರೆ ಎಲ್ಲಿ ಎಳೆದಿರಿ ಎಂದು ಮೊದಲು ಹೇಳಬೇಕು. ಸೈಕಲ್ಲಿನ ಚಲನೆ, ಎತ್ತರ ಎರಡನ್ನೇ ಲೆಕ್ಕಕ್ಕೆ ಹಿಡಿದರೆ ಮೊತ್ತ ಕಡಿಮೆಯಾಗುತ್ತದೆ. ಬಿಸಿಯಾದದ್ದನ್ನೆಲ್ಲ ಗೆರೆಯೊಳಗೆ ಸೇರಿಸಿದರೆ ಒಂದು ಜೌಲ್ ಕೂಡ ವ್ಯತ್ಯಾಸ ಬರುವುದಿಲ್ಲ.

ಅಂದಹಾಗೆ, ಎತ್ತರವನ್ನು ಸಮುದ್ರಮಟ್ಟದಿಂದ ಅಳೆದರೂ ಸರಿ, ಊರಿನಿಂದ ಅಳೆದರೂ ಸರಿ. ಒಟ್ಟು ಶಕ್ತಿಯ ಅಂಕಿ ಬೇರೆ ಬರುತ್ತದೆ, ಆದರೆ ಇಳಿದ ಎತ್ತರ ಒಂದೇ, ಹಾಗಾಗಿ ಬ್ರೇಕ್ ಎರಡರಲ್ಲೂ ಅಷ್ಟೇ ಬಿಸಿಯಾಗುತ್ತದೆ.