ಮಗಳು ‘ಆವಾಸಸ್ಥಾನ’ ಪಾಠ ಬಾಯಿಪಾಠ ಮಾಡುತ್ತಾಳೆ, ಅರ್ಥ ಮಾಡಿಸುವುದು ಹೇಗೆ?

"ಸಿಂಹ – ಗುಹೆ, ಹಕ್ಕಿ – ಗೂಡು" ಅಂತ ನಾಲ್ಕನೇ ಕ್ಲಾಸಿನ ಮಗಳು ಪಟಪಟ ಒಪ್ಪಿಸುತ್ತಾಳೆ, ಯಾಕೆ ಅಂದರೆ ಸುಮ್ಮನಾಗುತ್ತಾಳೆ ಅಂತ ಬರೆದಿದ್ದೀರಿ. ಇನ್ನೇನು ಮಾಡಿಯಾಳು? ಆ ಪಟ್ಟಿಯಲ್ಲಿ ಮಲಗುವ ಜಾಗ ಇದೆ, ಊಟದ ಸುದ್ದಿಯೇ ಇಲ್ಲ. (ಸಿಂಹ ಗುಹೆಯಲ್ಲಿ ಸಂಸಾರ ಮಾಡುವ ಪ್ರಾಣಿಯೂ ಅಲ್ಲ ಬಿಡಿ, ಅದು ಹುಲ್ಲುಗಾವಲು, ಕುರುಚಲು ಕಾಡಿನದು.)

ನಾನು ಪ್ರೈಮರಿ ಶಾಲೆ ಮೇಷ್ಟ್ರು. ಈ ಪಾಠಕ್ಕೆ ಮಕ್ಕಳನ್ನು ಒಂದು ಅತ್ತಿ ಮರದ ಹತ್ತಿರ ಕರೆದೊಯ್ಯುತ್ತೇನೆ. ಹಳ್ಳದ ದಂಡೆಯಲ್ಲೋ ಕೆರೆ ಪಕ್ಕದಲ್ಲೋ ಸಿಗುತ್ತದೆ. ಕಾಯಿಗಳು ಕಾಂಡಕ್ಕೇ ಗೊಂಚಲು ಗೊಂಚಲಾಗಿ ಬಿಡುವುದರಿಂದ ಮಕ್ಕಳ ಕೈಗೂ ಎಟಕುತ್ತವೆ.

ಬಲಿತ ಕಾಯಿ ಒಂದನ್ನು ಬಿಡಿಸಿ ತೋರಿಸಿ. ‘ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳು’ ಅಂತ ಮುಖ ಸಿಂಡರಿಸಬೇಡಿ, ಪಾಠ ಇರುವುದೇ ಅಲ್ಲಿ. ಆ ಹುಳುಗಳಲ್ಲಿ ಮರಕ್ಕೆ ಬೇಕೇ ಬೇಕಾದದ್ದು 2 ಮಿಲಿಮೀಟರ್ ಆಸುಪಾಸಿನ ಒಂದು ಕಣಜ. ಅತ್ತಿಯ ಹೂಗಳು ಕಾಯಿಯ ಒಳಗೇ ಇರುತ್ತವೆ. ಹೆಣ್ಣು ಕಣಜ ತುದಿಯ ಸಣ್ಣ ತೂತಿನಿಂದ ಒಳಗೆ ನುಗ್ಗುತ್ತದೆ. ಆ ಇಕ್ಕಟ್ಟಿನಲ್ಲಿ ರೆಕ್ಕೆಯೇ ಕಿತ್ತುಹೋಗುತ್ತದೆ. ತಂದ ಪರಾಗವನ್ನು ಹೂಗಳಿಗೆ ತಾಗಿಸಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಮರಿಗಳು ಒಳಗೇ ಬೆಳೆಯುತ್ತವೆ. ರೆಕ್ಕೆಯಿಲ್ಲದ ಗಂಡುಗಳು ಕಾಯಿ ಕೊರೆದು ದಾರಿ ಮಾಡುತ್ತವೆ, ಹೆಣ್ಣುಗಳು ಪರಾಗ ಹೊತ್ತು ಇನ್ನೊಂದು ಅತ್ತಿ ಹುಡುಕಿಕೊಂಡು ಹಾರುತ್ತವೆ. ಈ ಕಣಜಕ್ಕೆ ಬೇರೆ ಹೆರಿಗೆಮನೆ ಇಲ್ಲ, ಮರಕ್ಕೆ ಬೀಜ ಕಟ್ಟಲು ಬೇರೆ ಗತಿ ಇಲ್ಲ.

ಇಷ್ಟು ಹಿಡಿದರೆ ಉಳಿದದ್ದು ಸಲೀಸು. ಹಗಲು ಕುಟ್ರುಹಕ್ಕಿ, ಪಿಕಳಾರ, ಅಳಿಲು, ರಾತ್ರಿ ಬಾವಲಿ ಹಣ್ಣಿಗೆ ಬರುತ್ತವೆ. ಹಿಕ್ಕೆಯಲ್ಲಿ ಬೀಜ ಬೇರೆ ಕಡೆ ಬೀಳುತ್ತದೆ. ಮೇಲೊಂದು ಒಣ ಕೊಂಬೆ ಇದ್ದರೆ, "ಇದನ್ನ ಕಡಿದುಬಿಡೋಣ್ವಾ?" ಅಂತ ಕೇಳಿ. ಮಕ್ಕಳು ಸಾಮಾನ್ಯವಾಗಿ ಹೂಂ ಅನ್ನುತ್ತಾರೆ. ಕುಟ್ರುಹಕ್ಕಿ ಗೂಡು ಕೊರೆಯುವುದು ಅಂಥ ಕೊಂಬೆಯಲ್ಲೇ, ಅದು ಬಿಟ್ಟುಹೋದ ಪೊಟರೆಗೆ ಮಡಿವಾಳ ಹಕ್ಕಿ ಬರಬಹುದು ಅಂದಮೇಲೆ ಅವರೇ ಬೇಡ ಅನ್ನುತ್ತಾರೆ.

ಒಬ್ಬಳು ಕೇಳಿದ್ದಳು: "ಸಾರ್, ಹಂಗಾದ್ರೆ ಊಟ, ಮನೆ ಎರಡೂ ಒಂದೇ ಕಡೆ ಇರ್ಬೇಕಾ?" ಒಳ್ಳೆ ಪ್ರಶ್ನೆ ಅಲ್ವಾ? ಅದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕತೆ ಹೇಳಿದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮೀನಿಗೆ ಮಾತ್ರ ಸುತ್ತಲ ಕೆರೆ, ಹೊಳೆಗೆ ಹೋಗಬೇಕು. ಹುಣಸೆ ಮರ ಉಳಿಸಿ ಕೆರೆ ಮುಚ್ಚಿದರೆ ಏನಾಗುತ್ತದೆ ಅಂತ ನಿಮ್ಮ ಮಗಳನ್ನೂ ಕೇಳಿ ನೋಡಿ.

ಅತ್ತಿ ಸಿಗದಿದ್ದರೆ ಆಲ, ಗೋಣಿ ಆದರೂ ಆದೀತು, ಅವಕ್ಕೂ ಅವುಗಳದೇ ಕಣಜ ಇವೆ. ಭೂತಗನ್ನಡಿ ಒಯ್ಯಿರಿ. ಕಾಂಡದ ಮೇಲೆ ಕೆಂಜಿಗದ ಸಾಲು ಕಂಡರೆ ಒರಗಿ ನಿಲ್ಲಬೇಡಿ, ಕಚ್ಚಿದರೆ ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು.