ಬರಿದಾದ ಟ್ಯಾಂಕನ್ನು ನಂಬಬೇಡಿ

ಪ್ರಶ್ನೆ: ನಮ್ಮಪ್ಪನ 1998ರ ಮಾರುತಿ 800 ಇದೆ. ಅಪ್ಪನಿಗೆ 80 ದಾಟಿತು, ಕಣ್ಣು ಮಂಜು. 2022ರ ಮಳೆಗಾಲದಿಂದ ಗಾಡಿ ಕೊಟ್ಟಿಗೆ ಪಕ್ಕದಲ್ಲಿ ನಿಂತೇ ಇದೆ, ಅಡಿಭಾಗವೆಲ್ಲ ತುಕ್ಕು. ಗುಜರಿಯವರು ಗ್ಯಾಸ್ ಕಟ್ಟರ್ ತಂದು ಅಂಗಳದಲ್ಲೇ ತುಂಡು ಮಾಡಿ ಒಯ್ಯುತ್ತಾರಂತೆ, "ಪೆಟ್ರೋಲ್ ಮಾತ್ರ ತೆಗೆದಿಡಿ" ಎಂದಿದ್ದಾರೆ. ನಿಲ್ಲಿಸುವಾಗ ಅರ್ಧ ಟ್ಯಾಂಕ್ ಇತ್ತು. ನನ್ನ ತಮ್ಮ, ಪೈಪ್ ಹಾಕಿ ಬಾಯಲ್ಲಿ ಎಳೆದು ತೆಗೀತೀನಿ, ಕಳೆ ಹೊಡೆಯೋ ಮಷಿನ್‌ಗೆ ಆಗುತ್ತೆ ಅನ್ನುತ್ತಾನೆ. ಹಾಗೆ ಮಾಡಬಹುದೇ?
— ಓದುಗರು, ಕೊಪ್ಪ ತಾಲ್ಲೂಕು

ಉತ್ತರ: ತಂಗಿ, ಈ ಪತ್ರಿಕೆ ಕೈಗೆ ಬಂದ ಕೂಡಲೇ ತಮ್ಮನಿಗೆ ಫೋನ್ ಮಾಡಿ, ಪೈಪ್ ಮುಟ್ಟಬೇಡ ಅನ್ನಿ. ಮಿಕ್ಕಿದ್ದನ್ನು ಆಮೇಲೆ ಓದಿದರಾಯಿತು.

ನನ್ನ ಗ್ಯಾರೇಜಿನಲ್ಲಿ ಒಬ್ಬ ಹುಡುಗ ಕೆಲಸ ಕಲಿಯುತ್ತಿದ್ದ, ಹದಿನೇಳು ವರ್ಷ. ಒಂದು ಅಂಬಾಸಿಡರ್ ಟ್ಯಾಂಕಿಗೆ ಪೈಪ್ ಇಳಿಸಿ ಬಾಯಲ್ಲಿ ಎಳೆದ. ಬಾರದು ಬಾರದು ಅನ್ನುವಷ್ಟರಲ್ಲಿ ಒಮ್ಮೆಲೇ ನುಗ್ಗಿತು, ಕೆಮ್ಮಿ ಉಸಿರೆಳೆದುಕೊಂಡ. ಯಾರೋ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂದರು, ನಾನೇ ಕುಡಿಸಿದೆ. ಅದೇ ತಪ್ಪಾಯಿತು. ಪೆಟ್ರೋಲ್ ನೀರಿಗಿಂತ ತೆಳು. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಇಳಿದದ್ದೇ ಅಪಾಯ, ವಾಂತಿ ಆಗುವಾಗ ಅದು ಮತ್ತೊಮ್ಮೆ ಅಲ್ಲಿಗೆ ಇಳಿಯಬಹುದು. ರಾತ್ರಿಯ ಹೊತ್ತಿಗೆ ಜ್ವರ, ಏದುಸಿರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಬದುಕಿದ, ಆದರೆ ಅವನ ತಾಯಿಯ ಮುಖ ನೋಡಲು ನನಗೆ ವರ್ಷಗಟ್ಟಲೆ ಆಗಲಿಲ್ಲ. ಯಾರಾದರೂ ಪೆಟ್ರೋಲ್ ನುಂಗಿದರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಒಯ್ಯಿರಿ. ಅಷ್ಟೊತ್ತಿಗೆ ಚೆನ್ನಾಗಿ ಕಂಡರೂ ಒಯ್ಯಿರಿ.

ಇನ್ನು ಗುಜರಿಯವರ ಮಾತು. ನನಗೆ ಪೈಪಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಅದು. ಪೆಟ್ರೋಲ್ ತೆಗೆದರೆ ಟ್ಯಾಂಕ್ ಸುರಕ್ಷಿತ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ತುಂಬಿದ ಟ್ಯಾಂಕಿಗಿಂತ ಈಗಷ್ಟೇ ಬರಿದಾದ ಟ್ಯಾಂಕೇ ಹೆಚ್ಚು ಅಪಾಯ. ಉರಿಯುವುದು ದ್ರವವಲ್ಲ, ಅದರ ಆವಿ, ಅದೂ ಗಾಳಿಯೊಂದಿಗೆ ಬೆರೆತಾಗ. ನೂರು ಭಾಗ ಗಾಳಿಯಲ್ಲಿ ಸುಮಾರು ಒಂದೂವರೆಯಿಂದ ಏಳೂವರೆ ಭಾಗ ಆವಿ ಇದ್ದರೆ ಕಿಡಿ ತಾಗಿದೊಡನೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ. ಖಾಲಿ ಮಾಡಿದಾಗ ಮೂಲೆಯಲ್ಲಿ, ತುಕ್ಕಿನ ಪದರದಲ್ಲಿ ಉಳಿದ ಒಂದೆರಡು ಚಮಚದಷ್ಟು ಸಾಕು, ಇಡೀ ಟ್ಯಾಂಕ್ ಆ ಬೆರಕೆಯಿಂದ ತುಂಬುತ್ತದೆ. ಅಲ್ಲಿಗೆ ಗ್ಯಾಸ್ ಕಟ್ಟರ್ ಜ್ವಾಲೆ ಬಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಅಂಗಳದಲ್ಲಿ ಒಣಗಿದ ಅಡಿಕೆ ಸೋಗೆ, ಪಕ್ಕದಲ್ಲಿ ದನದ ಕೊಟ್ಟಿಗೆ. ದಯವಿಟ್ಟು ಅಲ್ಲಿ ಕತ್ತರಿಸಲು ಬಿಡಬೇಡಿ.

ಹಾಗಾಗಿ ನನ್ನ ಸಲಹೆ: ನೀವು ಪೆಟ್ರೋಲ್ ತೆಗೆಯಲೇಬೇಡಿ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಗಾಡಿ ಕೊಡಿ. 2021ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಇಂಧನ, ಆಯಿಲ್, ಬ್ಯಾಟರಿ, ಎಸಿ ಇದ್ದರೆ ಅದರ ಗ್ಯಾಸ್ ಎಲ್ಲವನ್ನೂ ಮೊದಲು ತೆಗೆದು ಆಮೇಲೆ ಕತ್ತರಿಸುವುದು ಅವರ ಹೊಣೆ. ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಇಂಥ ಕೇಂದ್ರಗಳ ಪಟ್ಟಿ ಸಿಗುತ್ತದೆ. ದೂರ ಇದ್ದರೆ ಟೋಯಿಂಗ್ ಖರ್ಚು ಬೀಳುತ್ತದೆ, ಗುಜರಿಯವರಷ್ಟು ಸಲೀಸಲ್ಲ. ಆದರೆ ಗಾಡಿ ಒಪ್ಪಿಸಿದ್ದಕ್ಕೆ ಕೇಂದ್ರದವರು ಕೊಡುವ ಸರ್ಟಿಫಿಕೇಟ್ ಆಫ್ ಡೆಪಾಸಿಟ್‌ನಿಂದ ಅಪ್ಪನ ಹೆಸರಿನ ಆರ್‌ಸಿ ರದ್ದು ಮಾಡಿಸಬಹುದು, ಹೊಸ ಕಾರು ಕೊಂಡರೆ ತೆರಿಗೆಯಲ್ಲಿ ರಿಯಾಯಿತಿಗೂ ದಾರಿಯಿದೆ (ಕೇಂದ್ರ ಸರ್ಕಾರದ 2021ರ ನಿಯಮದಲ್ಲಿ ಶೇ 25ರವರೆಗೆ). ಬೀದಿ ಗುಜರಿಗೆ ಕೊಟ್ಟರೆ ಆರ್‌ಸಿ ಅಪ್ಪನ ಹೆಸರಲ್ಲೇ ಉಳಿಯುತ್ತದೆ. ಆ ಚಾಸಿ ನಂಬರ್ ನಾಳೆ ಯಾವ ಗಾಡಿಯ ಮೇಲೆ ಕೂರುತ್ತದೋ ಯಾರು ಬಲ್ಲರು. 80 ದಾಟಿದವರನ್ನು ಠಾಣೆ ಮೆಟ್ಟಿಲು ಹತ್ತಿಸುವುದು ಬೇಡ.

ಟ್ಯಾಂಕ್ ತುಕ್ಕು ಹಿಡಿದು ಒಸರುತ್ತಿದ್ದರೆ ಮಾತ್ರ ಕಾಯುವಂತಿಲ್ಲ. ಆಗ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಮನೆಗೆ ಕರೆಸಿ, ನೀವು ಪಕ್ಕದಲ್ಲಿ ನಿಂತು ನೋಡಿ. ಗಾಡಿಯನ್ನು ಕೊಟ್ಟಿಗೆಯಿಂದ ತಳ್ಳಿ ಬಯಲಿಗೆ ತರಬೇಕು, ಸ್ಟಾರ್ಟ್ ಮಾಡಲು ನೋಡಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ. ಇಳಿಜಾರಿನ ಕೆಳಗೆ ಬಚ್ಚಲ ಒಲೆ ಇದ್ದರೆ ಆರಿಸಿ. ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು. ಬಾಯಿ ಬೇಡ, ಕೈಯಲ್ಲಿ ಒತ್ತುವ ರಬ್ಬರ್ ಉಂಡೆಯ ಪಂಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹಿಡಿಯುವುದು ಮುಚ್ಚಳವಿರುವ ಲೋಹದ ಕ್ಯಾನಿಗೆ, ಕ್ಯಾನ್ ನೆಲದ ಮೇಲಿರಲಿ. ಪ್ಲಾಸ್ಟಿಕ್ ಕೊಡ, ನೀರಿನ ಬಾಟಲಿ ಬೇಡವೇ ಬೇಡ. ಹತ್ತಿರ ಒಂದು ಬುಟ್ಟಿ ಒಣ ಮರಳಿರಲಿ. ಚೆಲ್ಲಿದರೆ ಮರಳು ಹಾಕಿ, ನೀರು ಸುರಿಯಬೇಡಿ; ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ದೂರ ಹರಡುತ್ತದೆ.

ಆ ಪೆಟ್ರೋಲ್ ಕಳೆ ಮಷಿನ್‌ಗೆ ಆಗುವುದಿಲ್ಲ. 2022ರ ಜೂನ್ ಹೊತ್ತಿಗೇ ದೇಶದ ಪೆಟ್ರೋಲಿನಲ್ಲಿ ಶೇ 10 ಎಥನಾಲ್ ಸೇರಿತ್ತು. ಎಥನಾಲ್ ತೇವ ಹೀರುತ್ತದೆ, ನಿಮ್ಮಲ್ಲಿಯ ಮಳೆಗಾಲದ ತೇವ ಕೇಳಬೇಕೇ. ಇಷ್ಟು ವರ್ಷ ಹಳಸಿದ್ದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ವಾರ್ನಿಷ್ ವಾಸನೆ ಹೊಡೆಯುತ್ತಿರುತ್ತದೆ. ಅದರ ಅಂಟು ಮಷಿನ್ನಿನ ಕಾರ್ಬೊರೇಟರಿನ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಜೆಟ್, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತು, ಕಟ್ಟಿಸುತ್ತದೆ. ಸಾವಿರಾರು ರೂಪಾಯಿಯ ಮಷಿನ್ ಹಾಳುಮಾಡಿಕೊಳ್ಳಬೇಡಿ. ತೋಟಕ್ಕೆ, ಹಳ್ಳಕ್ಕೆ ಚೆಲ್ಲುವುದೂ ಬೇಡ, ನಿಮ್ಮ ಬಾವಿಗೇ ಬಂದು ಸೇರುತ್ತದೆ. ಕ್ಯಾನ್ ಮುಚ್ಚಿ ಮನೆಯಿಂದ ದೂರ ನೆರಳಲ್ಲಿಟ್ಟು, ಗಾಡಿ ತೆಗೆದುಕೊಳ್ಳುವ ಕೇಂದ್ರದವರಿಗೆ ಮೊದಲೇ ತಿಳಿಸಿ ಒಪ್ಪಿಸಿ. ಹಾಗೆ ಬರಿದಾದ ಟ್ಯಾಂಕಿನ ಮುಚ್ಚಳ ಬಿಗಿಮಾಡಿಯೇ ಗಾಡಿ ಕಳಿಸಿ.

ಪ್ರಶ್ನೆ: ನಮ್ಮದು ಡೀಸೆಲ್ ಜೀಪ್. ಡೀಸೆಲ್‌ಗೆ ಬೆಂಕಿಕಡ್ಡಿ ಗೀರಿದರೂ ಹತ್ತುವುದಿಲ್ಲ, ಟ್ಯಾಂಕ್ ಕತ್ತರಿಸಲು ಭಯವಿಲ್ಲ ಅನ್ನುತ್ತಾರೆ. ನಿಜವೇ?
— ಓದುಗರು, ಸಕಲೇಶಪುರ

ಉತ್ತರ: ತಣ್ಣಗಿದ್ದಾಗ ಡೀಸೆಲ್ ಅಷ್ಟು ಬೇಗ ಆವಿಯಾಗದು, ಅದಕ್ಕೇ ಕಡ್ಡಿಗೆ ಹತ್ತುವುದಿಲ್ಲ. ಆದರೆ ಗ್ಯಾಸ್ ಕಟ್ಟರ್ ತಗಡನ್ನು ಕೆಂಪಗೆ ಕಾಯಿಸುತ್ತದೆ, ಒಳಗೆ ಅಂಟಿದ ಡೀಸೆಲ್ ಅಲ್ಲೇ ಕುದಿದು ಆವಿಯಾಗುತ್ತದೆ. ಮುಂದಿನದು ಪೆಟ್ರೋಲಿನಂತೆಯೇ. ಟ್ಯಾಂಕನ್ನು ಸ್ಪಾನರಿನಿಂದ ಬಿಚ್ಚಿ ಬೇರೆ ಇಡಿಸಿ, ಅದರ ಹತ್ತಿರ ಬೆಂಕಿ ತರಿಸಬೇಡಿ.